ದಖ್ಖನಿನ ಒಣಭೂಮಿಯ ಮಹಿಳೆಯರು ಮತ್ತು ಹವಾಮಾನ ಬದಲಾವಣೆ

ದಖ್ಖನ್ ಪ್ರಸ್ಥಭೂಮಿಯ ಮಳೆಯಾಶ್ರಿತ ಸೀಮೆಯಲ್ಲಿ ಸಣ್ಣ ಹಿಡುವಳಿಯ ಮತ್ತು ಭೂರಹಿತ ಕುಟುಂಬಗಳ ಹೆಣ್ಣುಮಕ್ಕಳು ಏರುಪೇರಾದ ಮಳೆಯನ್ನೂ ಏರುತ್ತಿರುವ ಬಿಸಿಲನ್ನೂ ಎದುರಿಸಿ ಬದುಕು ಸಾಗಿಸುವ ಬಗೆ ಈ ಲೇಖನದ ವಿಷಯ. ಮಹಾರಾಷ್ಟ್ರದ ಮರಾಠವಾಡ, ತೆಲಂಗಾಣದ ಪಶ್ಚಿಮದ ಜಿಲ್ಲೆಗಳು, ಆಂಧ್ರದ ರಾಯಲಸೀಮೆ, ಕರ್ನಾಟಕದ ಬೀದರ್‌ನಿಂದ ಚಿತ್ರದುರ್ಗದವರೆಗಿನ ಬಯಲು ಸೀಮೆ ಇದರ ವ್ಯಾಪ್ತಿಗೆ ಬರುತ್ತವೆ. ರಾಜ್ಯದ ಗಡಿಗಳು ಬೇರೆಯಾದರೂ ಇಲ್ಲಿನ ಮಣ್ಣು, ಬೆಳೆ, ಬರ, ವಲಸೆ ಒಂದೇ ಬಗೆಯವು. ದಲಿತರು, ಲಂಬಾಣಿಗರು, ಅಲೆಮಾರಿ ಸಮುದಾಯಗಳು, ಗಂಡ ತೀರಿಕೊಂಡ ಅಥವಾ ಬಿಟ್ಟುಹೋದ ಹೆಂಗಸರು ನಡೆಸುವ ಮನೆಗಳು ಈ ಸೀಮೆಯಲ್ಲಿ ಮೊದಲು ಪೆಟ್ಟು ತಿನ್ನುತ್ತವೆ, ಚೇತರಿಸಿಕೊಳ್ಳುವುದೂ ಕೊನೆಗೆ.

ಹವಾಮಾನದ ಚರ್ಚೆಯಲ್ಲಿ ಇಂಥ ಮಹಿಳೆಯರನ್ನು ಸಂತ್ರಸ್ತರೆಂದು ಮಾತ್ರ ತೋರಿಸುವ ರೂಢಿ ಬಹುಕಾಲ ಇತ್ತು. ಈಚೆಗೆ ಅವರ ತಾಳುವಿಕೆಯನ್ನು ಕೊಂಡಾಡುವ ರೂಢಿ ಬಂದಿದೆ. ಎರಡೂ ಅರ್ಧ ಸತ್ಯ. ಬೀಜ, ನೆಲ, ಹಣ ಇವು ಹೆಣ್ಣುಮಕ್ಕಳ ಕೈಯಲ್ಲಿ, ಅದರಲ್ಲೂ ಸಂಘದ ಕೈಯಲ್ಲಿ ಉಳಿದ ಕಡೆ ಬರವನ್ನು ದಾಟುವ ದಾರಿಗಳು ವರ್ಷದಿಂದ ವರ್ಷಕ್ಕೆ ಗಟ್ಟಿಯಾಗಿವೆ. ಉಳಿದಿಲ್ಲದ ಕಡೆ ಅವರು ಬರವನ್ನು ದಾಟಿರುವುದು ತಮ್ಮ ಮೈಯನ್ನೇ ಸವೆಸಿಕೊಂಡು.

ನೆಲ ಮತ್ತು ಮಳೆ

ಸಹ್ಯಾದ್ರಿಯ ಮಳೆನೆರಳಿನ ಈ ಸೀಮೆಯ ಹೆಚ್ಚಿನ ಭಾಗದಲ್ಲಿ ವರ್ಷಕ್ಕೆ 500ರಿಂದ 800 ಮಿ.ಮೀ. ಮಳೆ ಬೀಳುತ್ತದೆ. ಎರೆಭೂಮಿಯಲ್ಲಿ ಹಿಂಗಾರಿಗೆ ಬಿಳಿಜೋಳ, ಕಡಲೆ, ಕುಸುಬೆ, ಮಸಾರಿಯಲ್ಲಿ ಮುಂಗಾರಿಗೆ ಸಜ್ಜೆ, ನವಣೆ, ಸಾವೆ, ಶೇಂಗಾ, ಎರಡರಲ್ಲೂ ತೊಗರಿ. ಬರ ಇಲ್ಲಿಗೆ ಹೊಸದಲ್ಲ. 1791–92ರ ಡೋಗಿ ಬರವನ್ನೂ 1876–78ರ ಮಹಾಕ್ಷಾಮವನ್ನೂ ಕಂಡ ನೆಲ ಇದು. ಕರ್ನಾಟಕದಲ್ಲಿ ಬರಪೀಡಿತ ಪ್ರದೇಶದ ವಿಸ್ತಾರ ರಾಜಸ್ಥಾನದ ನಂತರ ದೇಶದಲ್ಲೇ ಹೆಚ್ಚು.

ಹೊಸದು ಎಂದರೆ ಬರ ಮತ್ತು ನೆರೆ ಒಂದರ ಬೆನ್ನಿಗೆ ಒಂದು ಬರುತ್ತಿರುವುದು. ಗಾಳಿಯ ತಾಪಮಾನ ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ಅದು ಹಿಡಿದಿಡಬಲ್ಲ ತೇವಾಂಶ ಸುಮಾರು ಶೇ 7ರಷ್ಟು ಹೆಚ್ಚುತ್ತದೆ. ಹೀಗಾಗಿ ಮಳೆಯಿಲ್ಲದ ದಿನಗಳ ಸಾಲು ಉದ್ದವಾಗುತ್ತದೆ, ಬಿದ್ದಾಗ ಒಮ್ಮೆಗೇ ಸುರಿಯುತ್ತದೆ. 2009 ದೇಶದ ಪಾಲಿಗೆ ಬರದ ವರ್ಷ. ಆ ಮುಂಗಾರು ಮುಗಿಯುವ ಹೊತ್ತಿಗೆ, ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್ ಮೊದಲ ವಾರದಲ್ಲಿ ಉತ್ತರ ಕರ್ನಾಟಕ ನೆರೆಯಲ್ಲಿ ಮುಳುಗಿತು. 2016ರ ಏಪ್ರಿಲ್‌ನಲ್ಲಿ ಲಾತೂರಿಗೆ ಮೀರಜ್‌ನಿಂದ ರೈಲಿನಲ್ಲಿ ಕುಡಿಯುವ ನೀರು ಸಾಗಿಸಬೇಕಾಯಿತು. 2020ರ ಅಕ್ಟೋಬರ್‌ನಲ್ಲಿ ಭೀಮಾ ಉಕ್ಕಿ ಕಲಬುರಗಿ, ಯಾದಗಿರಿ, ವಿಜಯಪುರದ ಹೊಲಗಳ ಮೇಲೆ ಹರಿಯಿತು. 2023ರಲ್ಲಿ ಕರ್ನಾಟಕದ 236 ತಾಲ್ಲೂಕುಗಳ ಪೈಕಿ 223ನ್ನು ಬರಪೀಡಿತವೆಂದು ಘೋಷಿಸಲಾಯಿತು.

ಬಿತ್ತನೆಯ ಲೆಕ್ಕಾಚಾರವನ್ನು ಇದು ಬುಡಮೇಲು ಮಾಡಿದೆ. ರೋಹಿಣಿ, ಮೃಗಶಿರ ಎಂದು ನಕ್ಷತ್ರ ನೋಡಿ ಬೀಜ ಹೊರತೆಗೆಯುತ್ತಿದ್ದ ಮನೆಗಳು ಈಗ ಮೊದಲ ಮಳೆಗೆ ಬಿತ್ತಿ, ಅದು ಒಣಗಿದ ಮೇಲೆ ಮತ್ತೆ ಸಾಲ ತಂದು ಬಿತ್ತುವುದು ಸಾಮಾನ್ಯವಾಗಿದೆ.

ಹೊರೆಯ ಹಂಚಿಕೆ

ಬರ ಎಲ್ಲರಿಗೂ ಒಂದೇ ಆದರೂ ಅದರ ಕೆಲಸ ಎಲ್ಲರಿಗೂ ಒಂದೇ ಅಲ್ಲ. ಕೊಳವೆಬಾವಿ ಬತ್ತಿದರೆ ನೀರು ತರುವವಳು ಹೆಂಗಸು. ಮನೆಯಂಗಳದಲ್ಲಿ ನೀರಿಲ್ಲದ ಕುಟುಂಬಗಳ ಪೈಕಿ ಹತ್ತರಲ್ಲಿ ಏಳರಲ್ಲಿ ನೀರು ತರುವ ಹೊಣೆ ಹೆಂಗಸರು ಮತ್ತು ಹುಡುಗಿಯರದು ಎಂದು ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ 2023ರಲ್ಲಿ ಪ್ರಕಟಿಸಿದ ಜಾಗತಿಕ ವರದಿ ಹೇಳಿತು. ಟ್ಯಾಂಕರ್ ಬರುವ ಊರುಗಳಲ್ಲಿ ಈ ಹೊರೆ ಕಾಯುವ ಕೆಲಸವಾಗಿ ಬದಲಾಗುತ್ತದೆ. ಟ್ಯಾಂಕರ್ ಎಷ್ಟು ಹೊತ್ತಿಗೆ ಬರುತ್ತದೆಂದು ಗೊತ್ತಿಲ್ಲದ್ದರಿಂದ ಮನೆಯ ಒಬ್ಬಳು ಅಂದಿನ ಕೂಲಿಗೆ ಹೋಗುವಂತಿಲ್ಲ. ಹೆಚ್ಚಾಗಿ ಶಾಲೆ ಬಿಟ್ಟು ನಿಲ್ಲುವವಳು ದೊಡ್ಡ ಮಗಳು. ಬೆಳೆ ಹೋದರೆ ದನಕ್ಕೆ ಕಣಿಕೆಯಿಲ್ಲ, ಒಲೆಗೆ ತೊಗರಿ ಕಟ್ಟಿಗೆಯಿಲ್ಲ. ಇವೆರಡನ್ನೂ ಹೊಂದಿಸುವುದು ಅವಳ ಪಾಲಿಗೇ ಬರುತ್ತದೆ. ರೊಟ್ಟಿ ಕಡಿಮೆಯಾದಾಗ ಮೊದಲು ಯಾರ ತಟ್ಟೆಯಲ್ಲಿ ಕಡಿಮೆಯಾಗುತ್ತದೆಂಬುದನ್ನು ಹೇಳಬೇಕಿಲ್ಲ.

ಆದಾಯದ ಲೆಕ್ಕದಲ್ಲೂ ವ್ಯತ್ಯಾಸವಿದೆ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2024ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಬಿಸಿಲಿನ ತಾಪದಿಂದ ಗ್ರಾಮೀಣ ಕುಟುಂಬಗಳಿಗಾಗುವ ಆದಾಯ ನಷ್ಟ ಗಂಡಸರು ಯಜಮಾನರಾಗಿರುವ ಮನೆಗಳಿಗಿಂತ ಹೆಂಗಸರು ನಡೆಸುವ ಮನೆಗಳಲ್ಲಿ ಶೇ 8ರಷ್ಟು ಹೆಚ್ಚು. ನೆರೆಯಿಂದಾಗುವ ನಷ್ಟ ಶೇ 3ರಷ್ಟು ಹೆಚ್ಚು. ಒಂದೇ ಏಟಿಗೆ ಬರುವ ವಿಪತ್ತಿನಲ್ಲಿ ಈ ಅಂತರ ಸಾವಿನ ಸಂಖ್ಯೆಯಲ್ಲೇ ಕಾಣುತ್ತದೆ. 1991ರಲ್ಲಿ ಬಾಂಗ್ಲಾದೇಶದ ಕರಾವಳಿಯಲ್ಲಿ ಸುಮಾರು 1.38 ಲಕ್ಷ ಜನರನ್ನು ಬಲಿ ತೆಗೆದುಕೊಂಡ ಚಂಡಮಾರುತದಲ್ಲಿ, 20ರಿಂದ 44 ವಯಸ್ಸಿನವರಲ್ಲಿ ಹೆಂಗಸರ ಸಾವಿನ ಪ್ರಮಾಣ ಗಂಡಸರದಕ್ಕಿಂತ ಹಲವು ಪಟ್ಟು ಹೆಚ್ಚಿತ್ತು. ಎಚ್ಚರಿಕೆಯ ಸುದ್ದಿ ಮನೆಯೊಳಗಿದ್ದವರಿಗೆ ತಡವಾಗಿ ಮುಟ್ಟಿದ್ದು, ಮಕ್ಕಳನ್ನೂ ವೃದ್ಧರನ್ನೂ ಬಿಟ್ಟು ಓಡಲಾಗದ್ದು ಇದಕ್ಕೆ ಕಾರಣವೆಂದು ಗುರುತಿಸಲಾಯಿತು. ದಖ್ಖನಿನ ಬರ ಹಾಗಲ್ಲ. ಅದು ನಿಧಾನವಾಗಿ ಕೆಲಸ ಮಾಡುತ್ತದೆ. ರಕ್ತಹೀನತೆ, ಬಿಟ್ಟುಹೋದ ಓದು, ಬೇಗ ಮುಗಿದ ಮದುವೆ, ತೀರದ ಸಾಲ ಇವೇ ಅದರ ಗುರುತುಗಳು. ವಿಪತ್ತಿನ ಪಟ್ಟಿಯಲ್ಲಿ ಇವುಗಳಿಗೆ ಜಾಗವಿಲ್ಲ.

ಬೀಜ

ಈ ಸೀಮೆಯ ಹೆಣ್ಣುಮಕ್ಕಳ ಬಳಿ ಇರುವ ಅತಿ ಹಳೆಯ ಮತ್ತು ಇಂದಿಗೂ ಅತಿ ಗಟ್ಟಿಯಾದ ಆಸರೆ ಬೀಜ. ಬಿತ್ತುವ ಕೂರಿಗೆಯ ಹಿಂದೆ ನಡೆಯುವವಳು ಹೆಂಗಸು. ಎತ್ತು ಹೊಡೆಯುವವನು ಗಂಡಸು, ಉಡಿಯಲ್ಲಿ ಬೀಜ ಕಟ್ಟಿಕೊಂಡು ಬಟ್ಟಲಿಗೆ ಹದವಾಗಿ ಬಿಡುವವಳು ಅವಳು. ಮುಖ್ಯ ಬೆಳೆಯ ಕೆಲವು ಸಾಲುಗಳಿಗೊಂದರಂತೆ, ಹಿಂದೆ ಕಟ್ಟಿದ ಸಡ್ಡೆಯ ಕೊಳವೆಯಲ್ಲಿ ಅಕ್ಕಡಿ ಬೀಜ ಬೀಳುತ್ತದೆ: ತೊಗರಿ, ಅಲಸಂದಿ, ಮಡಕಿ, ಹೆಸರು, ಪುಂಡಿ, ಗುರೆಳ್ಳು. ಯಾವುದರ ಜೊತೆಗೆ ಯಾವುದು, ಎಷ್ಟು ಸಾಲಿಗೆ ಎಷ್ಟು ಎಂಬುದು ಮನೆಯ ಅಡುಗೆಯನ್ನೂ ಹೊಲದ ಮಣ್ಣನ್ನೂ ಒಟ್ಟಿಗೆ ಬಲ್ಲವಳ ತೀರ್ಮಾನ.

ಈ ಪದ್ಧತಿಯ ಒಳಗೆ ಬರದ ಲೆಕ್ಕ ಅಡಗಿದೆ. ನವಣೆ ಸುಮಾರು ಮೂರು ತಿಂಗಳಿಗೆ ಕೊಯ್ಲಿಗೆ ಬರುತ್ತದೆ. ತೊಗರಿ ಐದಾರು ತಿಂಗಳು ನಿಂತು, ಆಳಕ್ಕಿಳಿದ ಬೇರಿನಿಂದ ಕೆಳಗಿನ ತೇವ ಹೀರುತ್ತದೆ. ಮುಂಗಾರು ನಡುವೆ ಕೈಕೊಟ್ಟರೆ ಒಂದು ಹೋಗಬಹುದು, ಇನ್ನೊಂದು ಉಳಿಯುತ್ತದೆ. ಕೊನೆಗೆ ಅತಿವೃಷ್ಟಿಯಾದರೆ ಅದಾಗಲೇ ಒಂದು ಬೆಳೆ ಮನೆ ಸೇರಿರುತ್ತದೆ. ದ್ವಿದಳಗಳು ಮಣ್ಣಿಗೆ ಸಾರಜನಕ ಕೊಡುತ್ತವೆ, ಹಬ್ಬುವ ಬೆಳೆಗಳು ನೆಲಕ್ಕೆ ನೆರಳು ಹಿಡಿದು ತೇವ ಕಾಯುತ್ತವೆ. ಹೊಲದಲ್ಲಿ ತಾನಾಗಿ ಹುಟ್ಟುವ ಹಕ್ಕರಕಿ, ಕಿರಕಸಾಲಿ, ಗೋಳಿಯಂಥ ಸೊಪ್ಪುಗಳನ್ನು ಕಸ ತೆಗೆಯುವ ಹೆಂಗಸರು ಕಿತ್ತೊಗೆಯುವುದಿಲ್ಲ, ಬಿಡಿಸಿ ಉಡಿಗೆ ಹಾಕುತ್ತಾರೆ. ಕಳೆನಾಶಕ ಹೊಡೆದ ಹೊಲದಲ್ಲಿ ಕೂಲಿಯೂ ಹೋಗುತ್ತದೆ, ಅಂದಿನ ಪಲ್ಯವೂ ಹೋಗುತ್ತದೆ. ಬೀದರ್, ಕಲಬುರಗಿಯ ಕಡೆ ಎಳ್ಳ ಅಮವಾಸ್ಯೆಗೆ ಮಾಡುವ ಭಜ್ಜಿಯಲ್ಲಿ ಬೀಳುವ ಕಾಳು-ಸೊಪ್ಪುಗಳನ್ನು ಎಣಿಸಿದರೆ ಆ ಮನೆಯ ಹೊಲದಲ್ಲಿ ಏನೇನು ಉಳಿದಿದೆ ಎಂಬುದು ತಿಳಿಯುತ್ತದೆ.

ಬೀಜ ಕಾಪಿಡುವುದು ಕೊಯ್ಲಿಗೆ ಮುಂಚೆಯೇ ಶುರುವಾಗುತ್ತದೆ. ನಿಂತ ಬೆಳೆಯಲ್ಲಿ ತುಂಬು ತೆನೆಗಳನ್ನು ಆರಿಸಿ ಬೇರೆ ಕಟ್ಟುತ್ತಾರೆ. ಒಣಗಿಸಿ ಒಲೆಯ ಮೇಲಿನ ಜಂತಿಗೆ ತೂಗುಹಾಕಿದರೆ ಹೊಗೆಯೇ ಹುಳುವನ್ನು ದೂರವಿಡುತ್ತದೆ. ಕಾಳುಗಳಿಗೆ ಬೂದಿ ಬೆರೆಸುತ್ತಾರೆ. ತೊಗರಿಗೆ ಕೆಮ್ಮಣ್ಣು ಹಚ್ಚಿ ಒಣಗಿಸುತ್ತಾರೆ. ಸೆಗಣಿ ಸಾರಿಸಿದ ಬುಟ್ಟಿಯ ತಳಕ್ಕೆ ಬೇವಿನ ಸೊಪ್ಪು ಹಾಸಿ, ಬೀಜ ತುಂಬಿ, ಬಾಯಿಗೆ ಮಣ್ಣು ಮೆತ್ತುತ್ತಾರೆ. ಹೆಚ್ಚಿನ ಜೋಳವಿದ್ದ ಮನೆಗಳು ನೆಲದೊಳಗಿನ ಹಗೇವಿಗೆ ಇಳಿಸುತ್ತಿದ್ದವು. ನೆರೆ ಬಂದು ಮಣ್ಣಿನ ಮಾಳಿಗೆ ಮನೆಯೊಳಗೆ ನೀರು ನಿಂತಾಗ ಕೈಬಿಟ್ಟುಹೋಗುವುದು ಇದೇ ಬುಟ್ಟಿಗಳು. ಪರಿಹಾರದ ಪಟ್ಟಿಯಲ್ಲಿ ಗೋಡೆಗೆ ಬೆಲೆಯಿದೆ, ಹಲವು ತಲೆಮಾರು ಆರಿಸಿ ಉಳಿಸಿದ ಬೀಜಕ್ಕೆ ಇಲ್ಲ.

ಒಂದೊಂದು ಮನೆಯ ಬುಟ್ಟಿಯಲ್ಲಿದ್ದ ಬೀಜ ಸಂಘದ ಬೀಜವಾದಾಗ ಅದರ ಬಲ ಹೆಚ್ಚಿತು. ಇದರ ಅತ್ಯಂತ ದೊಡ್ಡ ಉದಾಹರಣೆ ಬೀದರಿಗೆ ಹೊಂದಿಕೊಂಡಿರುವ ತೆಲಂಗಾಣದ ಜಹೀರಾಬಾದ್ ಸೀಮೆಯದು. ಇಲ್ಲಿನ ಪಸ್ತಾಪುರದಲ್ಲಿ 1983ರಲ್ಲಿ ಆರಂಭವಾದ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯನ್ನು ಕಟ್ಟಿದವರಲ್ಲಿ ಪ್ರಮುಖರು ಮೈಸೂರು ಮೂಲದ ಪಿ.ವಿ. ಸತೀಶ್ (1945–2023). ದೂರದರ್ಶನದ ಕೆಲಸ ಬಿಟ್ಟು ಬಂದ ಅವರು ಹಳ್ಳಿ ಹಳ್ಳಿಯಲ್ಲಿ ಕಟ್ಟಿದ ಸಂಘಗಳ ಸದಸ್ಯರಲ್ಲಿ ಹೆಚ್ಚಿನವರು ದಲಿತ ಮಹಿಳೆಯರು. ಪಾಳುಬಿದ್ದಿದ್ದ ತುಂಡು ನೆಲಗಳನ್ನು ಹಸನು ಮಾಡುವುದು, ಗುಂಪಾಗಿ ಗೇಣಿಗೆ ಹಿಡಿಯುವುದು, ಒಂದೇ ಹೊಲದಲ್ಲಿ ಹತ್ತಾರು ಬಗೆ ಬೆಳೆಯುವುದು ಇವರ ಕೆಲಸ. ಬೀಜ ಒಯ್ದವರು ಬೆಳೆದ ಮೇಲೆ ಅದರ ಎರಡರಷ್ಟು ಹಿಂದಿರುಗಿಸಬೇಕೆಂಬುದು ಬೀಜನಿಧಿಯ ನಿಯಮ.

1990ರ ದಶಕದ ನಡುವಿನಲ್ಲಿ ಇವರು ಕೈಗೊಂಡ ಪರ್ಯಾಯ ಪಡಿತರ ವ್ಯವಸ್ಥೆ ಇನ್ನೂ ಮುಂದಿನ ಹೆಜ್ಜೆ. ಪಡಿತರದ ಅಕ್ಕಿ ಬಂದು ಜೋಳವನ್ನು ತಟ್ಟೆಯಿಂದಲೂ ಹೊಲದಿಂದಲೂ ದೂಡುತ್ತಿದ್ದ ಕಾಲ ಅದು. ಪಾಳು ನೆಲವನ್ನು ಉಳಲು ರೈತರಿಗೆ ಮುಂಗಡ ಕೊಟ್ಟು, ಸಾಲವನ್ನು ಜೋಳದ ರೂಪದಲ್ಲೇ ವಾಪಸು ಪಡೆದು, ಆ ಜೋಳವನ್ನು ಊರಿನ ಬಡಮನೆಗಳಿಗೆ ಮಳೆಗಾಲದ ಹಸಿವಿನ ತಿಂಗಳುಗಳಲ್ಲಿ ಕಡಿಮೆ ಬೆಲೆಗೆ ಹಂಚಿದರು. ಯಾವ ಮನೆ ಬಡಮನೆ ಎಂದು ತೀರ್ಮಾನಿಸಿದ್ದೂ ಊರವರೇ ಕೂತು. 2008ರ ಅಕ್ಟೋಬರ್ 15ರಂದು ಮಾಚನೂರಿನಿಂದ ಇದೇ ಮಹಿಳೆಯರು ನಡೆಸುವ ಸಂಘಂ ರೇಡಿಯೊ ಪ್ರಸಾರ ಆರಂಭಿಸಿತು. ಬೀಜ, ಮಳೆ, ದನದ ಕಾಯಿಲೆಯ ಮಾತು ಸಂಜೆ ಎರಡು ಗಂಟೆ ಅವರದೇ ಆಡುನುಡಿಯಲ್ಲಿ ಬರತೊಡಗಿತು. 2019ರಲ್ಲಿ ಈ ಸಂಘಗಳಿಗೆ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ಈಕ್ವೇಟರ್ ಪ್ರಶಸ್ತಿ ದೊರೆಯಿತು.

2025ರಲ್ಲಿ ಅದೇ ಪ್ರಶಸ್ತಿ ಧಾರವಾಡ ಜಿಲ್ಲೆ ಕುಂದಗೋಳ ತಾಲ್ಲೂಕಿನ ತೀರ್ಥ ಗ್ರಾಮಕ್ಕೆ ಬಂತು. ಅಲ್ಲಿನ ಬೀಬಿ ಫಾತಿಮಾ ಮಹಿಳಾ ಸ್ವಸಹಾಯ ಸಂಘ 2018ರಲ್ಲಿ ಹದಿನೈದು ಮಂದಿ ಸೇರಿ ಕಟ್ಟಿದ್ದು. ಬೀಬಿಜಾನ್ ಹಳೇಮನಿ ಇದರ ಮುಂದಾಳು. ಹತ್ತಿ, ಮೆಣಸಿನಕಾಯಿ, ಮೆಕ್ಕೆಜೋಳದ ಹೊಲಗಳ ನಡುವೆ ಸಾವೆ, ನವಣೆ, ಬರಗು, ಕೊರಲೆಗಳನ್ನು ಮತ್ತೆ ತಂದ ಈ ಸಂಘ ಸಮುದಾಯ ಬೀಜಬ್ಯಾಂಕ್ ನಡೆಸುತ್ತದೆ. ದೇಸಿ ಬೀಜಗಳ ಮೇಲೆ ಕೆಲಸ ಮಾಡುವ ಸಹಜ ಸಮೃದ್ಧ ಸಂಸ್ಥೆ ಇದರ ಬೆನ್ನಿಗಿದೆ. ಇಲ್ಲಿ ಗಮನಿಸಬೇಕಾದದ್ದು ಬೀಜಕ್ಕಿಂತಲೂ ಅದರ ಮುಂದಿನ ಕೊಂಡಿ. ಕಿರುಧಾನ್ಯ ಕೈಬಿಟ್ಟುಹೋಗಲು ಒಂದು ದೊಡ್ಡ ಕಾರಣ ಅದರ ಸಿಪ್ಪೆ. ಸಾವೆ, ಹಾರಕಗಳ ಗಟ್ಟಿ ಹೊಟ್ಟನ್ನು ಒರಳಲ್ಲಿ ಕುಟ್ಟಿ, ಬೀಸಿ, ಕೇರಿ ಅಕ್ಕಿ ಮಾಡುವುದು ಹೆಂಗಸರ ರಟ್ಟೆಯ ಕೆಲಸ. ಅಕ್ಕಿ-ಗೋಧಿ ಸಿದ್ಧವಾಗಿ ಸಿಗತೊಡಗಿದಾಗ ಆ ಕೆಲಸವನ್ನು ಕೈಬಿಟ್ಟ ಹೆಂಗಸರನ್ನು ದೂರುವಂತಿಲ್ಲ. ತೀರ್ಥದಲ್ಲಿ ಸೌರವಿದ್ಯುತ್ತಿನಿಂದ ನಡೆಯುವ ಸಂಸ್ಕರಣ ಘಟಕ ಸಂಘದ ಕೈಯಲ್ಲೇ ಇದೆ. ಬರ ತಡೆಯುವ ಬೆಳೆ ಹೊಲಕ್ಕೆ ಮರಳಬೇಕಾದರೆ ಅದು ಹೆಂಗಸರ ಮೈನೋವಿಗೆ ಕಾರಣವಾಗಬಾರದು ಎಂಬ ಸರಳ ಸಂಗತಿ, 2023ರ ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷದ ಸಂಭ್ರಮದ ನಡುವೆಯೂ ಸಾಕಷ್ಟು ಚರ್ಚೆಯಾಗಲಿಲ್ಲ.

ಮಹಾರಾಷ್ಟ್ರದ ಅಹಿಲ್ಯಾನಗರ ಜಿಲ್ಲೆಯ ಕೋಂಭಾಳಣೆಯ ಆದಿವಾಸಿ ರೈತ ಮಹಿಳೆ ರಾಹೀಬಾಯಿ ಪೋಪೆರೆ ಮನೆಯಲ್ಲೇ ಕಟ್ಟಿದ ದೇಸಿ ಬೀಜಬ್ಯಾಂಕಿಗಾಗಿ 2020ರ ಪದ್ಮಶ್ರೀ ಪಡೆದರು. ಮರಾಠವಾಡದಲ್ಲಿ 1993ರ ಲಾತೂರ್ ಭೂಕಂಪದ ನಂತರ ಬೆಳೆದ, ಪ್ರೇಮಾ ಗೋಪಾಲನ್ ಕಟ್ಟಿದ ‘ಸ್ವಯಂ ಶಿಕ್ಷಣ ಪ್ರಯೋಗ’ ಸಂಸ್ಥೆ ಇನ್ನೊಂದು ದಾರಿ ಹಿಡಿಯಿತು. ಇಡೀ ಹೊಲದ ಬೆಳೆಯ ಬಗ್ಗೆ ಮನೆಯ ಗಂಡಸರೊಡನೆ ಜಗಳಕ್ಕಿಳಿಯದೆ, ಒಂದು ಎಕರೆಯಷ್ಟನ್ನು ಮಾತ್ರ ತನಗೆ ಬಿಟ್ಟುಕೊಡುವಂತೆ ಹೆಂಗಸು ಕೇಳುವುದು. ಅದರಲ್ಲಿ ಕಡಿಮೆ ನೀರಿನ ಕಾಳು, ತರಕಾರಿ, ಧಾನ್ಯ ಬೆಳೆಯುವುದು. ಸೋಯಾ, ಕಬ್ಬು ಕೈಕೊಟ್ಟ ವರ್ಷಗಳಲ್ಲಿ ಮನೆಗೆ ಅನ್ನ ಕೊಟ್ಟದ್ದು ಈ ಒಂದೆಕರೆ.

ಸಂಘದ ಹಣ, ಸಾಲದ ಹಣ

ಸ್ವಸಹಾಯ ಸಂಘದ ಕಲ್ಪನೆ ಭಾರತದಲ್ಲಿ ರೂಪುಗೊಂಡ ಜಾಗಗಳಲ್ಲಿ ಕರ್ನಾಟಕ ಮುಖ್ಯವಾದದ್ದು. 1968ರಲ್ಲಿ ಸ್ಥಾಪನೆಯಾದ ಮೈರಾಡ ಸಂಸ್ಥೆ 1980ರ ದಶಕದ ನಡುವಿನಲ್ಲಿ, ದೊಡ್ಡ ಸಹಕಾರ ಸಂಘಗಳು ಮುರಿದುಬಿದ್ದ ಕಡೆ, ಪರಸ್ಪರ ನಂಬಿಕೆಯಿದ್ದ ಹತ್ತಿಪ್ಪತ್ತು ಮಂದಿಯ ಸಣ್ಣ ಗುಂಪುಗಳನ್ನು ಬೆಳೆಸಿತು. ಆ ಅನುಭವದ ಮೇಲೆ ನಬಾರ್ಡ್ 1992ರಲ್ಲಿ ಸಂಘ-ಬ್ಯಾಂಕ್ ಜೋಡಣೆ ಕಾರ್ಯಕ್ರಮ ಆರಂಭಿಸಿತು. ಬರದ ವರ್ಷದಲ್ಲಿ ಸಂಘದ ಪೆಟ್ಟಿಗೆಯಿಂದ ಸಿಗುವ ಒಂದೆರಡು ಸಾವಿರ ಸಣ್ಣ ಮೊತ್ತವಲ್ಲ. ಮೇವು ತರಲು, ಆಸ್ಪತ್ರೆಗೆ ಓಡಲು, ಎರಡನೇ ಸಲ ಬೀಜ ಕೊಳ್ಳಲು ಅದು ತಕ್ಷಣ ಸಿಗುತ್ತದೆ. ಆಡು ಮಾರುವುದನ್ನೋ ಕಿವಿಯೋಲೆ ಒತ್ತೆಯಿಡುವುದನ್ನೋ ಒಂದು ತಿಂಗಳಾದರೂ ಮುಂದೂಡುತ್ತದೆ. ಸಾತಾರಾ ಜಿಲ್ಲೆಯ ಮ್ಹಸವಡದಲ್ಲಿ ಚೇತನಾ ಸಿನ್ಹಾ ಅವರ ನೇತೃತ್ವದಲ್ಲಿ 1997ರಲ್ಲಿ ಆರಂಭವಾದ ಮಾಣದೇಶಿ ಮಹಿಳಾ ಸಹಕಾರಿ ಬ್ಯಾಂಕಿನ ಬಳಗ ಬರ ಬಂದಾಗ ಸಾವಿರಾರು ದನಗಳಿಗೆ ಮೇವಿನ ಶಿಬಿರ ನಡೆಸಿತು. ಒಂದು ಎಮ್ಮೆಯನ್ನು ಬರದಲ್ಲಿ ಅಗ್ಗಕ್ಕೆ ಮಾರಿದ ಮನೆಗೆ ಮಳೆ ಬಂದ ಮೇಲೆ ಅದನ್ನು ಮತ್ತೆ ಕೊಳ್ಳಲು ವರ್ಷಗಳು ಬೇಕು.

ಇದೇ ಗುಂಪಿನ ಜಾಮೀನಿನ ಮಾದರಿಯನ್ನು ಹಿಡಿದು ಬಂದ ಖಾಸಗಿ ಕಿರುಸಾಲ ಕಂಪನಿಗಳ ಕಥೆ ಬೇರೆ. ವಾರದ ಕಂತು ಮಳೆಗೆ ಕಾಯುವುದಿಲ್ಲ. ಒಂದು ಸಾಲ ತೀರಿಸಲು ಇನ್ನೊಂದು, ಅದಕ್ಕೆ ಮತ್ತೊಂದು ಎಂದು ಬೆಳೆದ ಹೊರೆಯಿಂದ, ವಸೂಲಿಗೆ ಬಂದವರ ಕಿರುಕುಳದಿಂದ 2025ರ ಆರಂಭದಲ್ಲಿ ಕರ್ನಾಟಕದ ಹಲವು ಹಳ್ಳಿಗಳಲ್ಲಿ ಕುಟುಂಬಗಳು ಮನೆಗೆ ಬೀಗ ಹಾಕಿ ಊರು ಬಿಟ್ಟವು. ಆ ಫೆಬ್ರುವರಿಯಲ್ಲಿ ರಾಜ್ಯ ಸರ್ಕಾರ ಬಲವಂತದ ವಸೂಲಿ ತಡೆಯುವ ಸುಗ್ರೀವಾಜ್ಞೆ ತಂದಿತು. ಸಾಲದ ಚೀಟಿಯಲ್ಲಿ ಸಹಿ ಹೆಂಗಸಿನದಾಗಿರುವುದರಿಂದ ಅವಮಾನದ ಮೊದಲ ಪಾಲೂ ಅವಳಿಗೇ. ಇದಕ್ಕೆ ಎದುರಾಗಿ, 2023ರ ಆಗಸ್ಟ್ 30ರಂದು ಆರಂಭವಾದ ಗೃಹಲಕ್ಷ್ಮಿ ಯೋಜನೆಯ ತಿಂಗಳ 2,000 ರೂಪಾಯಿ ಕಾಕತಾಳೀಯವಾಗಿ ಆ ಬರದ ವರ್ಷವೇ ಹೆಂಗಸರ ಖಾತೆಗೆ ಬರತೊಡಗಿತು. ಬರ ಪರಿಹಾರವೆಂದು ಅದನ್ನು ಯೋಜಿಸಿರಲಿಲ್ಲ. ಆದರೆ ಪಹಣಿ ಕೇಳದೆ, ಬೆಳೆ ಸಮೀಕ್ಷೆ ಕಾಯದೆ ಭೂರಹಿತಳಿಗೂ ತಲುಪಿದ ಹಣ ಅದು. ಬರ ಪರಿಹಾರವನ್ನು ರೂಪಿಸುವವರು ಗಮನಿಸಬೇಕಾದ ಅಂಶ.

ಗುಳೆ

ಬೀಜವೂ ಸಂಘವೂ ಸಾಲದಾದಾಗ ಉಳಿಯುವುದು ಗುಳೆ. ಯಾದಗಿರಿ, ರಾಯಚೂರು, ಕಲಬುರಗಿ, ವಿಜಯಪುರದ ಹಳ್ಳಿಗಳಿಂದ, ಲಂಬಾಣಿ ತಾಂಡಾಗಳಿಂದ ದಸರಾ-ದೀಪಾವಳಿ ಮುಗಿಯುತ್ತಲೇ ಬೆಂಗಳೂರು, ಗೋವಾ, ಮುಂಬೈ, ಪುಣೆ, ರತ್ನಾಗಿರಿಗಳ ಕಟ್ಟಡ ಮತ್ತು ರಸ್ತೆ ಕೆಲಸಕ್ಕೆ ಕುಟುಂಬಗಳು ಹೊರಡುತ್ತವೆ. ನಿವೇಶನದ ಮೂಲೆಯ ತಗಡಿನ ಶೆಡ್ಡು ಮನೆಯಾಗುತ್ತದೆ. ಊರಲ್ಲಿ ಉಳಿಯುವುದು ಅಜ್ಜಿ ಮತ್ತು ಶಾಲೆಗೆ ಹೋಗುವ ಮಕ್ಕಳು. ಹಾಲು ಕುಡಿಯುವ ಕೂಸು ತಾಯಿಯ ಜೊತೆ ಸಿಮೆಂಟಿನ ಧೂಳಿನಲ್ಲಿ ಬೆಳೆಯುತ್ತದೆ.

ಬೀಡ್ ಜಿಲ್ಲೆಯ ಕಬ್ಬು ಕಡಿಯುವವರ ಗುಳೆ ಇದರ ಅತ್ಯಂತ ಕಠೋರ ರೂಪ. ಅಕ್ಟೋಬರ್-ನವೆಂಬರ್‌ನಿಂದ ಮಾರ್ಚ್-ಏಪ್ರಿಲ್‌ವರೆಗೆ ಪಶ್ಚಿಮ ಮಹಾರಾಷ್ಟ್ರದ ಮತ್ತು ಬೆಳಗಾವಿ, ಬಾಗಲಕೋಟೆ ಸೀಮೆಯ ಸಕ್ಕರೆ ಕಾರ್ಖಾನೆಗಳ ಕಬ್ಬಿನ ಗದ್ದೆಗಳಿಗೆ ಇವರು ಬರುತ್ತಾರೆ. ಕೂಲಿಕಾರರ ಗುತ್ತಿಗೆದಾರ ಮುಕಾದಮ ಕೊಡುವ ಮುಂಗಡಕ್ಕೆ ಉಚಲ್ ಎಂದು ಹೆಸರು. ಗಂಡ-ಹೆಂಡತಿ ಸೇರಿ ಒಂದು ಕೋಯ್ತಾ, ಅಂದರೆ ಒಂದು ಕುಡುಗೋಲು. ಲೆಕ್ಕ ಒಂದೇ, ಹೆಂಗಸಿಗೆ ಬೇರೆ ಕೂಲಿಯ ಚೀಟಿ ಇಲ್ಲ. ಅವನು ಕಡಿಯುತ್ತಾನೆ, ಅವಳು ಸಿಪ್ಪೆ ಸವರಿ, ಕಟ್ಟು ಕಟ್ಟಿ, ತಲೆಯ ಮೇಲೆ ಹೊತ್ತು ಲಾರಿಯ ಹಲಗೆ ಹತ್ತುತ್ತಾಳೆ. ಲಾರಿ ನಡುರಾತ್ರಿ ಬಂದರೆ ನಡುರಾತ್ರಿ. ಒಂದು ದಿನ ತಪ್ಪಿದರೆ ದಂಡ. ಗದ್ದೆಯಲ್ಲಿ ಶೌಚಾಲಯವಿಲ್ಲ, ಮುಟ್ಟಿನ ದಿನಗಳಿಗೆ ಬಿಡುವಿಲ್ಲ. 2019ರಲ್ಲಿ ಮಹಾರಾಷ್ಟ್ರ ಸರ್ಕಾರ ನೇಮಿಸಿದ ಸಮಿತಿ ಬೀಡ್ ಜಿಲ್ಲೆಯಲ್ಲಿ ಸುಮಾರು 82,000 ಕಬ್ಬು ಕಡಿಯುವ ಮಹಿಳೆಯರನ್ನು ಸಮೀಕ್ಷೆ ಮಾಡಿದಾಗ 13,800ಕ್ಕೂ ಹೆಚ್ಚು ಮಂದಿ ಗರ್ಭಕೋಶ ತೆಗೆಸಿಕೊಂಡಿದ್ದರು. ಮೂವತ್ತರ ಹರೆಯದವರೂ ಅವರಲ್ಲಿದ್ದರು. ಕೆಲಸ ತಪ್ಪಬಾರದೆಂಬ ಒತ್ತಡ, ಶಸ್ತ್ರಚಿಕಿತ್ಸೆಗೆ ನೂಕಿದ ಖಾಸಗಿ ವೈದ್ಯಕೀಯ ವ್ಯವಹಾರ, ಆರೋಗ್ಯ ಕೇಂದ್ರಗಳ ಕೊರತೆ ಎಲ್ಲವೂ ಇದರಲ್ಲಿವೆ. ಮಳೆ ಕೈಕೊಟ್ಟದ್ದು ಅವರನ್ನು ಊರಿನಿಂದ ಹೊರಡಿಸಿತು. ಉಳಿದದ್ದನ್ನು ಮಾಡಿದವರು ಮನುಷ್ಯರು. ಹೊಂದಿಕೊಳ್ಳುವುದು ಎಂಬ ಮಾತನ್ನು ಹೆಮ್ಮೆಯಿಂದ ಬಳಸುವವರೆಲ್ಲ ಈ ಸಂಖ್ಯೆಯ ಮುಂದೆ ನಿಲ್ಲಬೇಕು.

ಗುಳೆಗೆ ತಡೆಯೊಡ್ಡಿದ್ದರಲ್ಲಿ 2005ರ ಉದ್ಯೋಗ ಖಾತ್ರಿ ಕಾಯ್ದೆಗೆ ಮೊದಲ ಸ್ಥಾನ. ಊರಿನಿಂದ 5 ಕಿ.ಮೀ. ಒಳಗೆ ಕೆಲಸ, ಗಂಡು-ಹೆಣ್ಣಿಗೆ ಒಂದೇ ಕೂಲಿ ಎಂಬ ಅದರ ನಿಯಮಗಳು ಹೊಲದ ಕೂಲಿಯಲ್ಲಿ ಯಾವಾಗಲೂ ಕಡಿಮೆ ಪಡೆದ ಹೆಂಗಸರಿಗೆ ದೊಡ್ಡ ಬದಲಾವಣೆಯಾಗಿದ್ದವು. 2024–25ರಲ್ಲಿ ಕರ್ನಾಟಕದಲ್ಲಿ ಆ ಕೂಲಿ ದಿನಕ್ಕೆ 349 ರೂಪಾಯಿ ಇತ್ತು. ದೇಶದಾದ್ಯಂತ ಈ ಕೆಲಸದ ಮಾನವದಿನಗಳಲ್ಲಿ ಅರ್ಧಕ್ಕಿಂತ ಹೆಚ್ಚು ಹೆಂಗಸರವಾಗಿದ್ದವು. ಬದು, ಕೃಷಿಹೊಂಡ, ಕೆರೆಯ ಹೂಳು ತೆಗೆದದ್ದು ಮುಂದಿನ ಬರಕ್ಕೂ ಒದಗಿತು. ಕರ್ನಾಟಕ ಗ್ರಾಮ ಪಂಚಾಯಿತಿಗಳಲ್ಲಿ ತೆರೆದ ‘ಕೂಸಿನ ಮನೆ’ಗಳು ಸಣ್ಣ ಮಕ್ಕಳ ತಾಯಂದಿರಿಗೆ ಕೆಲಸಕ್ಕೆ ಹೋಗುವ ದಾರಿ ಮಾಡಿದವು. ಕೂಲಿ ತಿಂಗಳುಗಟ್ಟಲೆ ತಡವಾದಾಗ, ಕೆಲಸದ ಅರ್ಜಿಗೆ ರಸೀದಿ ಕೊಡದಿದ್ದಾಗ ಪಂಚಾಯಿತಿ ಮುಂದೆ ಕೂತವರೂ ಹೆಂಗಸರೇ. ಬೆಳಗಾವಿ, ಧಾರವಾಡ ಕಡೆ ಗ್ರಾಮೀಣ ಕೂಲಿ ಕಾರ್ಮಿಕರ ಸಂಘಟನೆ ‘ಗ್ರಾಕೂಸ್’ ಹೀಗೆ ಬೆಳೆದದ್ದು.

ಬಿಸಿಲು

ಪ್ರತಿ ಬೇಸಿಗೆಯಲ್ಲಿ ಕಲಬುರಗಿ ವಿಭಾಗ, ವಿಜಯಪುರ, ಬಾಗಲಕೋಟೆ ಜಿಲ್ಲೆಗಳ ಸರ್ಕಾರಿ ಕಚೇರಿಗಳ ವೇಳೆ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ಕ್ಕೆ ಬದಲಾಗುತ್ತದೆ. 42–43 ಡಿಗ್ರಿಯಲ್ಲಿ ಇದು ನ್ಯಾಯವಾದ ಕ್ರಮ. ಖಾಸಗಿ ಹೊಲದ, ಇಟ್ಟಿಗೆ ಭಟ್ಟಿಯ, ಕಟ್ಟಡದ ಕೂಲಿಯವಳಿಗೆ ಅಂಥ ಆದೇಶವಿಲ್ಲ. ಅವಳ ದಿನ ನಸುಕಿನ ನಾಲ್ಕಕ್ಕೆ ಒಲೆಯ ಮುಂದೆ ಆರಂಭವಾಗಿ, ರಾತ್ರಿ ತಗಡಿನ ಮಾಡಿನ ಕೆಳಗೆ ಮುಗಿಯುತ್ತದೆ. ಮೈ ತಣಿಯುವ ಹೊತ್ತೇ ಇಲ್ಲ. ದಾರಿಯಲ್ಲಿ ಮರೆ ಸಿಗದೆಂದು ನೀರು ಕಡಿಮೆ ಕುಡಿಯುವುದು ಬೇರೆ. ಜೋಳದ ಅಂಬಲಿ, ಉಪ್ಪು ಬೆರೆಸಿದ ಮಜ್ಜಿಗೆ, ಹೊತ್ತಿಗೆ ಮುಂಚೆ ಕೆಲಸಕ್ಕಿಳಿದು ನೆತ್ತಿಗೆ ಬಿಸಿಲು ಬರುವಷ್ಟರಲ್ಲಿ ನಿಲ್ಲಿಸುವುದು ಅವರದೇ ಉಪಾಯಗಳು. ಕೊನೆಯದು ಗುತ್ತಿಗೆ ಲೆಕ್ಕದ ಕೆಲಸದಲ್ಲಿ ಮಾತ್ರ ಸಾಧ್ಯ, ದಿನಗೂಲಿಯಲ್ಲಿ ಇಲ್ಲ.

ದಖ್ಖನಿನ ಹೊರಗಿನ ಒಂದು ಪ್ರಯೋಗ ಇಲ್ಲಿ ಉಲ್ಲೇಖಾರ್ಹ. 1972ರಲ್ಲಿ ಇಳಾ ಭಟ್ ಅಹಮದಾಬಾದಿನಲ್ಲಿ ಕಟ್ಟಿದ ಅಸಂಘಟಿತ ಮಹಿಳಾ ಕಾರ್ಮಿಕರ ಸಂಘ ‘ಸೇವಾ’ 2023ರಲ್ಲಿ ಸುಮಾರು 21,000 ಸದಸ್ಯರಿಗೆ ಬಿಸಿಲಿನ ವಿಮೆ ಮಾಡಿಸಿತು. ಬೆಳೆವಿಮೆಯಂತೆ ನಷ್ಟ ಅಳೆಯುವ ಗೋಜಿಲ್ಲ. ತಾಪಮಾನ ನಿಗದಿತ ಮಟ್ಟ ದಾಟಿದರೆ ಹಣ ತಾನಾಗಿ ಖಾತೆಗೆ ಬರುತ್ತದೆ. 2024ರ ಬೇಸಿಗೆಯಲ್ಲಿ ನಲವತ್ತು ಸಾವಿರಕ್ಕೂ ಹೆಚ್ಚು ಮಹಿಳೆಯರಿಗೆ ಪಾವತಿಯಾಯಿತು. ಮೊತ್ತ ದೊಡ್ಡದಲ್ಲ, ಒಂದೆರಡು ದಿನದ ಕೂಲಿ. ಆದರೆ ಅತಿ ಬಿಸಿಲಿನ ದಿನ ಮನೆಯಲ್ಲುಳಿದರೆ ಉಪವಾಸ ಬೀಳಬೇಕಿಲ್ಲ ಎಂಬಷ್ಟು.

ಪಹಣಿಯಲ್ಲಿ ಇಲ್ಲದ ಹೆಸರು

ಮೇಲಿನ ಎಲ್ಲದರ ಬುಡದಲ್ಲಿ ಭೂಮಿಯ ಪ್ರಶ್ನೆ ಇದೆ. 2015–16ರ ಕೃಷಿ ಗಣತಿಯಂತೆ ದೇಶದ ಹಿಡುವಳಿಗಳಲ್ಲಿ ಮಹಿಳೆಯರ ಹೆಸರಿನಲ್ಲಿದ್ದವು ಶೇ 14ರಷ್ಟು ಮಾತ್ರ. ಕರ್ನಾಟಕ 1994ರಲ್ಲೇ ಹಿಂದೂ ಉತ್ತರಾಧಿಕಾರ ಕಾಯ್ದೆಗೆ ತಿದ್ದುಪಡಿ ತಂದು ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ಕೊಟ್ಟಿತು. ಕೇಂದ್ರ ಅದನ್ನು ಮಾಡಿದ್ದು 2005ರಲ್ಲಿ. ಆದರೆ ತವರಿನ ಬಾಗಿಲು ಮುಚ್ಚದಿರಲಿ ಎಂದು ಅಕ್ಕತಂಗಿಯರು ಹಕ್ಕುಬಿಡುಗಡೆ ಪತ್ರಕ್ಕೆ ಸಹಿ ಹಾಕುವುದು ಇಂದಿಗೂ ಮಾಮೂಲು. ಗಂಡ ಗುಳೆ ಹೋದಾಗ, ತೀರಿಕೊಂಡಾಗ ಹೊಲ ನಡೆಸುವವಳಿಗೆ ಬೆಳೆಸಾಲ, ಬೆಳೆವಿಮೆ, ಬೆಳೆಹಾನಿ ಪರಿಹಾರ ಯಾವುದೂ ನೇರವಾಗಿ ಸಿಗುವುದಿಲ್ಲ. ಲಾವಣಿಗೆ ಅಥವಾ ಪಾಲಿಗೆ ಮಾಡುವವಳಂತೂ ಯಾವ ದಾಖಲೆಯಲ್ಲೂ ಇಲ್ಲ. ಸಾಲದ ಬಾಧೆಗೆ ಗಂಡ ಆತ್ಮಹತ್ಯೆ ಮಾಡಿಕೊಂಡ ಮನೆಯಲ್ಲಿ ಪರಿಹಾರದ ಅರ್ಜಿಯ ಮೊದಲ ಕಾಗದವೇ ಪಹಣಿ. ಅದು ಮಾವನ ಹೆಸರಿನಲ್ಲೋ ತೀರಿಹೋದ ಅಜ್ಜನ ಹೆಸರಿನಲ್ಲೋ ಇದ್ದರೆ ಅವಳ ಅಲೆದಾಟ ಆರಂಭವಾಗುತ್ತದೆ.

ಕರ್ನಾಟಕದ ಪಹಣಿಯಲ್ಲಿ 9ನೇ ಕಾಲಂ ಒಡೆಯರದು, 12ನೇ ಕಾಲಂ ಸಾಗುವಳಿಯದು. ಬಿತ್ತುವವರನ್ನು ಒಡೆತನದಿಂದ ಬೇರೆಯಾಗಿ ಗುರುತಿಸಲು ಕಾಗದದಲ್ಲೇ ಜಾಗವಿದೆ ಎಂದಾಯಿತು. ರೂಢಿಯಲ್ಲಿ ಅಲ್ಲಿ ಹೆಂಗಸಿನ ಹೆಸರು ಕಾಣುವುದು ಅಪರೂಪ. 2007ರ ರಾಷ್ಟ್ರೀಯ ರೈತ ನೀತಿ ಜಮೀನಿನ ಒಡೆತನವನ್ನು ಲೆಕ್ಕಿಸದೆ ರೈತರನ್ನು ವಿವರಿಸಿತು. ಆ ವಿವರಣೆಗೆ ಕಾನೂನಿನ ಬಲ ಕೊಡಲು ಕೃಷಿ ವಿಜ್ಞಾನಿ ಎಂ.ಎಸ್. ಸ್ವಾಮಿನಾಥನ್ 2012ರಲ್ಲಿ ರಾಜ್ಯಸಭೆಯಲ್ಲಿ ಮಹಿಳಾ ರೈತರ ಹಕ್ಕುಗಳ ಖಾಸಗಿ ಮಸೂದೆ ಮಂಡಿಸಿದರು. ಗ್ರಾಮಸಭೆ ಒಪ್ಪಿದ ಮೇಲೆ ಪಂಚಾಯಿತಿಯೇ ಹೆಂಗಸಿಗೆ ರೈತಳೆಂಬ ಪ್ರಮಾಣಪತ್ರ ಕೊಡಬೇಕು, ಸಾಲಕ್ಕೂ ವಿಮೆಗೂ ಅದು ಸಾಕಾಗಬೇಕು ಎಂಬುದು ಅದರ ತಿರುಳು. ಸದನದಲ್ಲಿ ಅವರ ಅವಧಿ ಮುಗಿದಾಗ ಮಸೂದೆಯೂ ಬಿದ್ದುಹೋಯಿತು. ಅನಂತರ ಮಹಿಳಾ ಕಿಸಾನ್ ಅಧಿಕಾರ್ ಮಂಚ್ ಮೊದಲಾದ ಒಕ್ಕೂಟಗಳು ರಾಜ್ಯ ರಾಜ್ಯಗಳಲ್ಲಿ ಮುಂದಿಡುತ್ತ ಬಂದ ಬೇಡಿಕೆಗಳಲ್ಲಿ ಈ ಗುರುತಿನ ಪ್ರಶ್ನೆಯೇ ಮುಖ್ಯವಾದದ್ದು.